ಮೇಷ್ಟ್ರ ದಿಬ್ಬ

ಪ್ರಯೋಗ ಮಾಡುವವರಿಗೆ ತಾಳ್ಮೆ ಇರಬೇಕು ಎಂದು ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಈಗಲೂ ಮೈಯುರಿಯುತ್ತದೆ. ನನಗೆ ತಾಳ್ಮೆ ಇರಲಿಲ್ಲ. ಇವತ್ತಿಗೂ ಇಲ್ಲ. ಒಲೆಯ ಮುಂದೆ ನಿಲ್ಲಲಾರದೆ ನಾನು ಉಕ್ಕಿಸಿ ಚೆಲ್ಲಿದ ಹಾಲಿನಲ್ಲಿ ಒಂದು ಬೀದಿಗೆ ಪಾಯಸ ಮಾಡಬಹುದಿತ್ತು. ಅಂಥವಳು ಜೀವಮಾನವಿಡೀ ಹರಳು ಬೆಳೆಸುವುದು, ಅದನ್ನು ತಣ್ಣಗೆ ಮಾಡುವುದು, ಮತ್ತೆ ಬಿಸಿ ಮಾಡುವುದು, ಅದರಲ್ಲಿ ಎಷ್ಟು ವಿದ್ಯುತ್ತು ಹರಿಯಿತೆಂದು ನೋಡುವುದು, ಇದನ್ನೇ ಮಾಡಿಕೊಂಡು ಬಂದೆ. ಈಗ ಇದಕ್ಕೆ ಕಂಡೆನ್ಸ್ಡ್ ಮ್ಯಾಟರ್ ಎಂಬ ದೊಡ್ಡ ಹೆಸರಿದೆ. ಆಗ ಸಾಲಿಡ್ ಸ್ಟೇಟ್ ಎನ್ನುತ್ತಿದ್ದರು. ನಮ್ಮಮ್ಮ “ಕಲ್ಲುಸಕ್ಕರೆ ಕೆಲಸ” ಎನ್ನುತ್ತಿದ್ದಳು.

ಮೊನ್ನೆ ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ಒಬ್ಬ ಹುಡುಗಿ ಬಂದಿದ್ದಳು. ಎಂ.ಎಸ್ಸಿ. ಮುಗಿಸಿದ್ದಾಳೆ, ಸಂಶೋಧನೆಗೆ ಸೇರುವವಳಿದ್ದಾಳೆ. “ಆಂಟಿ, ನಿಮ್ ಕಾಲದ ಲ್ಯಾಬ್ ಸಖತ್ತಾಗಿರ್ತಿತ್ತು ಅಲ್ವಾ?” ಎಂದಳು. ಸಖತ್ತಂತೆ! ಅವಳಿಗೆ ಹೇಳುತ್ತ ಹೇಳುತ್ತ ನಾನೇ ಕುರ್ಚಿ ಬಿಟ್ಟು ಎದ್ದು ಹಜಾರದಲ್ಲಿ ಓಡಾಡತೊಡಗಿದೆ. ಹೇಳಿದ್ದು ಅರ್ಧ, ಬಿಟ್ಟದ್ದು ಅರ್ಧ. ಅದಕ್ಕೇ ಬರೆಯಲು ಕೂತೆ. ಯಾವ ವರ್ಷ ರೀಡರ್ ಆದೆ, ಯಾವ ವರ್ಷ ವಿಭಾಗದ ಮುಖ್ಯಸ್ಥೆಯಾದೆ ಎಂಬುದೆಲ್ಲ ಇದರಲ್ಲಿ ಇಲ್ಲ. ಅದರಿಂದ ನಿಮಗೆ ಆಗಬೇಕಾದ್ದೂ ಏನಿಲ್ಲ.

ಅರವತ್ತರ ದಶಕ. ನಮ್ಮ ಮನೆ ಜಯನಗರದಲ್ಲಿ. ಜಯನಗರ ಎಂದರೆ ಆಗ ಒಂದು ಮನೆ, ನಾಲ್ಕು ಖಾಲಿ ಸೈಟು, ಮತ್ತೆ ಒಂದು ಮನೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕಾಲೇಜು. ಅದರ ಭೌತಶಾಸ್ತ್ರ ವಿಭಾಗದ ಹಿಂದುಗಡೆ ಹೆಂಚು ಹೊದಿಸಿದ ಎರಡು ಕೋಣೆ. ಅದೇ ನಮ್ಮ ಸಂಶೋಧನಾಲಯ. ಇದ್ದದ್ದು ಮೂರೇ ಜನ. ನಾನು, ನನ್ನಂತೆಯೇ ಥೀಸಿಸ್ ಮಾಡುತ್ತಿದ್ದ ಮುನಿರಾಜು, ನಮ್ಮಿಬ್ಬರ ಮಾರ್ಗದರ್ಶಕರಾದ ಪ್ರೊಫೆಸರ್ ಸದಾಶಿವಯ್ಯನವರು. ಅವರನ್ನು ಕಾಲೇಜೆಲ್ಲ ಕರೆಯುತ್ತಿದ್ದದ್ದು ಮೇಷ್ಟ್ರು ಎಂದು. ಮುನಿರಾಜು ಕತ್ರಿಗುಪ್ಪೆಯವನು. ಅವರ ಮನೆಯವರು ರಾಗಿ ಬೆಳೆಯುತ್ತಿದ್ದರು. ಕತ್ರಿಗುಪ್ಪೆ ಆಗ ಹಳ್ಳಿಯೇ, ಅಲ್ಲಿಂದ ಸೈಕಲ್ಲು ತುಳಿದುಕೊಂಡು ಬರುತ್ತಿದ್ದ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು.

ಮೇಷ್ಟ್ರು ಮುಚ್ಚುಗೊರಳಿನ ಕೋಟು ತೊಡುತ್ತಿದ್ದರು. ಹಣೆಯ ಮೇಲೆ ಬೆಳಗಿನ ಪೂಜೆಯ ವಿಭೂತಿ ಸಂಜೆಯವರೆಗೂ ಅಳಿಸುತ್ತಿರಲಿಲ್ಲ. ಸಿಟ್ಟು ಬಂದರೆ ಕೂಗುತ್ತಿರಲಿಲ್ಲ, “ಏನಮ್ಮಾ” ಎನ್ನುವಾಗ ಕೊನೆಯ ಅಕ್ಷರವನ್ನು ಎಳೆಯುತ್ತಿದ್ದರು, ಅಷ್ಟೇ. ಅದನ್ನು ಕೇಳಿದರೆ ನಾವು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಿಲ್ಲುತ್ತಿದ್ದೆವು. ಅವರ ಲ್ಯಾಬಿನಲ್ಲಿ ಒಂದೇ ಕಾನೂನು. ಅದರ ಹೆಸರು ಮಡಿ. ಹರಳನ್ನು ಸ್ಪಿರಿಟ್ಟಿನಲ್ಲಿ ತೊಳೆದ ಮೇಲೆ ಅದು ಮಡಿ. ಇನ್ನು ಬೆರಳು ತಾಗಿಸುವಂತಿಲ್ಲ, ಚಿಮಟದಲ್ಲೇ ಎತ್ತಬೇಕು. ಮಾತಾಡುವಾಗ ಅದರ ಮೇಲೆ ಉಸಿರು ಬಿಡುವಂತಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ನಾನು ಹರಳಿನ ಕೋಣೆಗೇ ಹೋಗುವಂತಿಲ್ಲ. ಅಪ್ಪಿತಪ್ಪಿ ಬೆರಳು ತಗುಲಿತೋ, “ಮಡಿ ಕೆಡ್ತು, ಇನ್ನೊಂದ್ಸಲ ತೊಳಿ” ಎನ್ನುತ್ತಿದ್ದರು. ಬೆರಳಿನಲ್ಲಿ ಬೆವರು, ಬೆವರಿನಲ್ಲಿ ಉಪ್ಪು, ಉಪ್ಪಿದ್ದ ಕಡೆ ವಿದ್ಯುತ್ತು ಕಳ್ಳದಾರಿ ಹಿಡಿದು ಸೋರಿ ಹೋಗುತ್ತದೆ ಎಂಬುದನ್ನು ಅವರು ಪಾಠವಾಗಿ ಹೇಳಲಿಲ್ಲ. ಹೀಗೆ ತೊಳೆಸಿ ತೊಳೆಸಿಯೇ ಕಲಿಸಿದರು. ನಮ್ಮಮ್ಮನಿಗೆ ಇದು ದೊಡ್ಡ ತಮಾಷೆ. “ಮನೇಲಿ ಮಡಿ ಅಂದ್ರೆ ಮೂಗು ಮುರೀತೀಯ, ಅಲ್ಲಿ ಕಲ್ಲಿಗೆ ಮಡಿ ಮಾಡ್ತೀಯಾ?” ಎಂದು ರೇಗಿಸುತ್ತಿದ್ದಳು.

ಗ್ಲೈಸೀನಿಗೆ ಗಂಧಕಾಮ್ಲ ಸೇರಿಸಿ ಮಾಡಿದ ಒಂದು ಲವಣ ನನ್ನ ಪಾಲಿಗೆ ಬಂದಿತ್ತು. ಅದರ ದ್ರಾವಣದಲ್ಲಿ ಒಂದು ಚೂರು ಹರಳನ್ನು ದಾರಕ್ಕೆ ಕಟ್ಟಿ ಇಳಿಬಿಡಬೇಕು. ಆ ಚೂರಿಗೆ ನಾವು ಹೆಪ್ಪು ಎನ್ನುತ್ತಿದ್ದೆವು. ವಾರಗಟ್ಟಲೆ ಯಾರೂ ಅಲುಗಿಸದಿದ್ದರೆ ಅದು ನಿಧಾನಕ್ಕೆ ಕನ್ನಡಿಯಂತೆ ಬೆಳೆಯುತ್ತದೆ. ಅಲುಗಿದರೆ ತಳದಲ್ಲಿ ನೂರಾರು ಕಳೆಹರಳು ಎದ್ದು ದ್ರಾವಣವನ್ನೆಲ್ಲ ನುಂಗಿಹಾಕುತ್ತವೆ. ನಮ್ಮ ಗ್ರಹಚಾರ ನೋಡಿ, ಬನಶಂಕರಿ ಕಡೆ ಹೊಸ ಬಡಾವಣೆಗೆಂದು ಬಂಡೆ ಸಿಡಿಸುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಢಂ ಎನ್ನುವುದು. ಕಿಟಕಿ ಅದುರುವುದು. ನಾನು ಡಬ್ಬಿಯನ್ನು ಹಾಗೇ ಬಿಟ್ಟು ಹರಳಿನ ಕೋಣೆಗೆ ಓಡುವುದು.

“ನೀವು ಓಡೋದಕ್ಕೇ ನೆಲ ಜಾಸ್ತಿ ಅದುರ್ತದೆ ಕಣ್ರೀ, ಆ ಬಂಡೆಗಲ್ಲ” ಎನ್ನುತ್ತಿದ್ದ ಮುನಿರಾಜು. ಕೊನೆಗೆ ಅವನೇ ಸೈಕಲ್ಲಿನ ಹಳೆಯ ಟ್ಯೂಬುಗಳಿಗೆ ಗಾಳಿ ತುಂಬಿ, ಅದರ ಮೇಲೆ ಕಡಪದ ಕಲ್ಲಿಟ್ಟು, ಕಲ್ಲಿನ ಮೇಲೆ ಬೀಕರು ಇಡುವ ಉಪಾಯ ಮಾಡಿದ. ಆಮೇಲೆ ಹರಳು ಬೆಳೆಯಿತು. ನಾನು ಮಾತ್ರ ಢಂ ಎಂದಾಗಲೆಲ್ಲ ಓಡುತ್ತಲೇ ಇದ್ದೆ.

ಹರಳನ್ನು ತಣ್ಣಗೆ ಮಾಡಲು ದ್ರವ ಗಾಳಿ ಬೇಕು. ಗಾಳಿಯನ್ನೇ ಹಿಂಡಿ, ತಣಿಸಿ, ನೀರಿನ ಹಾಗೆ ಮಾಡಿದ್ದು. ಅದನ್ನು ತಯಾರಿಸುವ ಯಂತ್ರ ಊರಿನ ಆ ತುದಿಯ ಒಂದು ದೊಡ್ಡ ಸಂಸ್ಥೆಯಲ್ಲಿತ್ತು, ನಾವು ಊರಿನ ಈ ತುದಿ. ದೊಡ್ಡ ಫ್ಲಾಸ್ಕೊಂದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತರಬೇಕು. ಬಾಯಿ ಬಿಗಿಯಾಗಿ ಮುಚ್ಚುವಂತಿಲ್ಲ, ಮುಚ್ಚಿದರೆ ಸಿಡಿಯುತ್ತದೆ. ಹತ್ತಿ ತುರುಕಿದ ಬಾಯಿಯಿಂದ ಬಿಳಿ ಹೊಗೆ ಸದಾ ಇಳಿಯುತ್ತಲೇ ಇರುತ್ತಿತ್ತು. ನನಗೋ ದಾರಿಯುದ್ದಕ್ಕೂ ಒಂದೇ ಚಡಪಡಿಕೆ. ಬಸ್ಸು ಒಂದೊಂದು ಸ್ಟಾಪಿನಲ್ಲಿ ನಿಂತಾಗಲೂ ಗಾಳಿ ಗಾಳಿಗೇ ಸೇರಿಹೋಗುತ್ತಿದೆಯಲ್ಲ ಎಂದು.

ಒಂದು ಸಲ ಕಂಡಕ್ಟರ್ ನೋಡಿಬಿಟ್ಟ. “ಏನಮ್ಮಾ ಅದು, ಹೊಗೆ ಬರ್ತಾ ಇದೆ?”

“ಗಾಳಿ” ಎಂದೆ. ನನಗೆ ಸುಳ್ಳು ಥಟ್ಟನೆ ಹೊಳೆಯುವುದಿಲ್ಲ.

“ಗಾಳೀನಾ? ಗಾಳೀನ ಯಾರಾದ್ರೂ ಫ್ಲಾಸ್ಕಲ್ಲಿ ಹಾಕ್ಕೊಂಡು ಹೋಗ್ತಾರೇನಮ್ಮಾ? ಆಸಿಡ್ಡೋ ಗೀಸಿಡ್ಡೋ ಇರ್ಬೇಕು. ಇಳೀರಿ, ಇಳೀರಿ.”

ಪಕ್ಕದಲ್ಲಿದ್ದ ಮುನಿರಾಜು ಮಧ್ಯೆ ಬಾಯಿ ಹಾಕಿದ. “ಐಸ್ ಕಣಣ್ಣಾ. ಮದುವೆ ಮನೆಗೆ. ಇಳಿಸಿದ್ರೆ ಬೀಗರಿಗೆ ಶರಬತ್ತು ನೀನೇ ಕೊಡ್ಬೇಕಾಗ್ತದೆ.”

ಬಸ್ಸೆಲ್ಲ ನಕ್ಕಿತು. ಒಬ್ಬ ಅಜ್ಜಿ ನನ್ನ ಕಡೆ ತಿರುಗಿ, ಯಾರ ಮದುವೆ, ಹುಡುಗ ಏನು ಮಾಡ್ತಾನೆ, ಎಂದು ಶುರುಮಾಡಿದರು. ಸೌತ್ ಎಂಡ್ ಬರುವವರೆಗೂ ನಾನು ಇಲ್ಲದ ಮದುವೆಯ ವಿವರ ಕೊಡಬೇಕಾಯಿತು. ಅಷ್ಟೊತ್ತಿಗೆ ಫ್ಲಾಸ್ಕಿನಲ್ಲಿ ಅರ್ಧವೇ ಉಳಿದಿತ್ತು.

ಇನ್ನು ಅಳೆಯುವ ಕೆಲಸ. ಹರಳಿನ ಬಿಲ್ಲೆಯನ್ನು ಹೋಲ್ಡರಿನಲ್ಲಿ ಕೂರಿಸಬೇಕು. ಹೋಲ್ಡರೆಂದರೆ ಎರಡು ಲೋಹದ ತಟ್ಟೆ, ಅವು ಒಂದಕ್ಕೊಂದು ತಾಗದಂತೆ ಹಿಡಿದುಕೊಳ್ಳಲು ನಡುವೆ ಒಂದು ಬಿಳಿ ಪಿಂಗಾಣಿಯ ಗೂಟ. ಅದನ್ನು ಕೊಳವೆಯೊಳಗೆ ಇಳಿಸಿ, ಪಂಪಿನಿಂದ ಗಾಳಿ ತೆಗೆದು, ಹೊರಗಿನಿಂದ ದ್ರವ ಗಾಳಿ ಸುರಿದು ತಣಿಸಿ, ಆಮೇಲೆ ಮೆಲ್ಲಗೆ ಬಿಸಿಯೇರಲು ಬಿಡಬೇಕು. ಬಿಸಿಯೇರುವಾಗ ಹರಿಯುವ ವಿದ್ಯುತ್ತನ್ನು ಗ್ಯಾಲ್ವನೋಮೀಟರ್ ತೋರಿಸುತ್ತದೆ. ಈಗಿನ ಹಾಗೆ ಪರದೆಯ ಮೇಲೆ ಅಂಕಿ ಬರುತ್ತಿರಲಿಲ್ಲ. ಕಪ್ಪು ಪರದೆ ಕಟ್ಟಿದ ಕೋಣೆಯಲ್ಲಿ ಗೋಡೆಯ ಅಳತೆಪಟ್ಟಿಯ ಮೇಲೆ ಒಂದು ಬೆಳಕಿನ ಚುಕ್ಕೆ ಹರಿದಾಡುತ್ತದೆ. ಒಬ್ಬರು ಅದನ್ನು ಕೂಗಿ ಓದಬೇಕು, ಇನ್ನೊಬ್ಬರು ಬರೆಯಬೇಕು. ಹೊರಗೆ ಹಾಡುಹಗಲು, ಒಳಗೆ ಕತ್ತಲೆ, ಚುಕ್ಕೆ ಆಮೆಯ ಹಾಗೆ ತೆವಳುತ್ತಿದೆ. ನನ್ನ ಕಾಲು ಒಂದೇ ಸಮನೆ ಅಲುಗಾಡುತ್ತಿತ್ತು. “ಕಾಲು ನಿಲ್ಲಿಸಮ್ಮಾ, ಚುಕ್ಕೆ ನಡುಗುತ್ತೆ” ಎಂದು ಮೇಷ್ಟ್ರು ಕತ್ತಲೆಯಲ್ಲೇ ಗದರಿಸುತ್ತಿದ್ದರು.

ಆ ಚುಕ್ಕೆ ಒಂದು ದಿನ ತೆವಳುವುದನ್ನು ಬಿಟ್ಟು ಜಿಗಿಯಿತು. ನೀರು ಮಂಜಾಗುವ ಬಿಂದುವಿಗಿಂತ ಸಾಕಷ್ಟು ಕೆಳಗೆ, ಯಾವ ಪುಸ್ತಕದಲ್ಲೂ ಹೇಳದ ಜಾಗದಲ್ಲಿ, ವಿದ್ಯುತ್ತು ಇದ್ದಕ್ಕಿದ್ದಂತೆ ಏರಿ ಇಳಿಯಿತು. ಗ್ರಾಫಿನಲ್ಲಿ ಅದು ಬಯಲಿನ ನಡುವೆ ಎದ್ದ ದಿಬ್ಬದಂತೆ ಕಂಡಿತು. ಮಾರನೆಯ ಸಲವೂ ಬಂತು. ಬೇರೆ ಹರಳಿನಲ್ಲೂ ಬಂತು. ಒಳಗೆ ತೇವವೇನಾದರೂ ಇದ್ದು ಅದರ ಮಂಜು ಕರಗುತ್ತಿದೆಯೇ ಎಂದು ಮುನಿರಾಜು ಕೇಳಿದ. ಮಂಜಾದರೆ ಸೊನ್ನೆಯಲ್ಲಿ ಕರಗಬೇಕು, ಇದು ಅಷ್ಟು ಕೆಳಗಿದೆಯಲ್ಲ ಎಂದು ಮೇಷ್ಟ್ರು ಹೇಳಿದಾಗ ಎಲ್ಲರಿಗೂ ಸರಿಯೆನಿಸಿತು. ಹರಳಿನೊಳಗೇ ಏನೋ ಹೊಸ ವ್ಯವಸ್ಥೆ ಆ ಬಿಂದುವಿನಲ್ಲಿ ಬದಲಾಗುತ್ತಿದೆ ಎಂದಾಯಿತು. ಮಳೆಗಾಲದಲ್ಲಿ ದಿಬ್ಬ ಎತ್ತರ, ಬೇಸಿಗೆಯಲ್ಲಿ ಗಿಡ್ಡ. ಅದಕ್ಕೂ ಮೇಷ್ಟ್ರು ಒಂದು ಸಿದ್ಧಾಂತ ಕಟ್ಟಿದರು. ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಅದು ‘ಮೇಷ್ಟ್ರ ದಿಬ್ಬ’ ಎಂದೇ ಆಯಿತು. ಅಷ್ಟು ವರ್ಷ ಪಾಠ ಹೇಳಿದ ಮನುಷ್ಯ, ನಿವೃತ್ತಿಯ ಹೊಸ್ತಿಲಲ್ಲಿ ತನ್ನದೆಂಬ ಒಂದು ಶೋಧ ಮಾಡಿದ್ದರು. ವಿದೇಶದ ಪತ್ರಿಕೆಯೊಂದು ಅವರ ಲೇಖನವನ್ನು ಒಪ್ಪಿಕೊಂಡಿತು. ಆ ದಿನ ಅವರು ನಮಗೆ ತಮ್ಮ ಕೈಯಾರೆ ಮೈಸೂರುಪಾಕು ಹಂಚಿದರು, ಕೈತೊಳೆದುಕೊಂಡು ಬನ್ನಿ ಎಂದು ಹೇಳುವುದನ್ನೂ ಮರೆತು.

ನನ್ನ ಥೀಸಿಸ್ಸೆಲ್ಲ ಆ ದಿಬ್ಬದ ಸುತ್ತಲೇ ಕಟ್ಟಿದ್ದು. ಮೇಷ್ಟ್ರು ನಿವೃತ್ತರಾಗುವುದರೊಳಗೆ ಅದನ್ನು ಸಲ್ಲಿಸಲೇಬೇಕಿತ್ತು. ಅವರು ಹೋದರೆ ಮಾರ್ಗದರ್ಶಕರಿಲ್ಲ, ಆ ವಿಷಯ ಬಲ್ಲವರು ವಿಭಾಗದಲ್ಲಿ ಇನ್ನೊಬ್ಬರಿಲ್ಲ, ಆಮೇಲೆ ನನ್ನ ಡಾಕ್ಟರೇಟಿಗೆ ಎಳ್ಳುನೀರು. ಇನ್ನೊಂದೇ ಒಂದು ದೊಡ್ಡ ಹರಳಿನ ಅಳತೆ ಆದರೆ ಬರವಣಿಗೆ ಮುಗಿದಂತೆ.

ಆ ಹರಳನ್ನು ಹೋಲ್ಡರಿನಲ್ಲಿ ಕೂರಿಸಿ, ಅವಸರದಲ್ಲಿ ದ್ರವ ಗಾಳಿಯನ್ನು ಸ್ವಲ್ಪ ಜೋರಾಗಿ ಸುರಿದೆ. ಟಕ್ ಎಂದಿತು. ತೆಗೆದು ನೋಡಿದರೆ ಎರಡು ಹೋಳು.

“ಆಯ್ತಲ್ಲ ಸಮಾರಾಧನೆ” ಎಂದ ಮುನಿರಾಜು. “ಇನ್ನೊಂದು ಬೆಳೆಯೋವರ್ಗೂ ಕೂತ್ಕೊಂಡು ಭಜನೆ ಮಾಡಿ.”

ಕೂರುವುದು ನನ್ನಿಂದ ಆಗುವ ಮಾತೇ? ಫ್ಲಾಸ್ಕಿನಲ್ಲಿ ಇನ್ನೂ ದ್ರವ ಗಾಳಿ ಉಳಿದಿತ್ತು. ಊರು ಸುತ್ತಿ, ಕಂಡಕ್ಟರನ ಕೈಲಿ ಬೈಸಿಕೊಂಡು ತಂದದ್ದು, ಸುಮ್ಮನೆ ಆವಿಯಾಗಿ ಹೋಗುವುದನ್ನು ನೋಡಲು ಹೊಟ್ಟೆ ಉರಿಯಿತು. ಏನಾದರೊಂದು ಮಾಡೋಣವೆಂದು ಖಾಲಿ ಹೋಲ್ಡರನ್ನೇ ಕೊಳವೆಗೆ ಇಳಿಸಿ ಅಳೆಯಲು ಕೂತೆ. ಹೋಲ್ಡರು ಹೊಸದಾಗಿ ಬಂದಾಗ ಒಂದು ಸಲ ಹಾಗೆ ಖಾಲಿ ಅಳೆದಿದ್ದೆವು. ಗ್ರಾಫು ದಾರ ಎಳೆದಂತೆ ನೇರವಾಗಿತ್ತು. ಆಮೇಲೆ ಯಾರೂ ಆ ಗೋಜಿಗೆ ಹೋಗಿರಲಿಲ್ಲ.

ಮುನಿರಾಜು ಆಕಳಿಸುತ್ತ ಬರೆಯುತ್ತಿದ್ದ. ನಾನು ಓದುತ್ತಿದ್ದೆ. ಚುಕ್ಕೆ ತೆವಳುತ್ತ ತೆವಳುತ್ತ ಅದೇ ಜಾಗಕ್ಕೆ ಬಂತು. ಜಿಗಿಯಿತು.

“ಏನಂದ್ರಿ? ಇನ್ನೊಂದ್ಸಲ ಹೇಳಿ” ಎಂದ ಮುನಿರಾಜು. ಆಕಳಿಕೆ ನಿಂತಿತ್ತು.

ಮತ್ತೆ ಹೇಳಿದೆ. ಹರಳೇ ಇಲ್ಲ, ಹರಳಿನ ದಿಬ್ಬ ಮಾತ್ರ ಇದೆ. ಹೋಲ್ಡರನ್ನು ಹೊರತೆಗೆದು ಕಿಟಕಿಯ ಹತ್ತಿರ ಹಿಡಿದು ನೋಡಿದೆ. ತಟ್ಟೆಗಳು ಫಳಫಳ. ಪಿಂಗಾಣಿಯ ಗೂಟ ಬೆಳ್ಳಗೆ ಶುಭ್ರವಾಗಿತ್ತು. ಒದ್ದೆ ಹತ್ತಿಯಿಂದ ಅದನ್ನು ಒರೆಸಿದೆ. ಹತ್ತಿಗೆ ಬೂದುಬಣ್ಣ ಮೆತ್ತಿಕೊಂಡಿತು. ಮುನಿರಾಜು ಅದನ್ನು ಎರಡು ಬೆರಳಲ್ಲಿ ಹೊಸಕಿ, ಮೂಸಿ, ನನ್ನ ಮುಖ ನೋಡಿದ.

“ವಿಭೂತಿ ಕಣ್ರೀ ಇದು!”

ಪ್ರತಿವರ್ಷ ಲ್ಯಾಬಿನಲ್ಲಿ ಆಯುಧಪೂಜೆ ನಡೆಯುತ್ತಿತ್ತು. ಉಪಕರಣಗಳನ್ನೆಲ್ಲ ಬಿಚ್ಚಿ, ಒರೆಸಿ, ಮಣೆಯ ಮೇಲೆ ಸಾಲಾಗಿ ಇಡುತ್ತಿದ್ದೆವು. ಹೂವು, ಕುಂಕುಮ ನಮ್ಮ ಕೆಲಸ. ವಿಭೂತಿ ಮಾತ್ರ ಮೇಷ್ಟ್ರೇ. ಮೂರು ಬೆರಳಲ್ಲಿ ಅದ್ದಿ ಪಂಪಿಗೆ, ಮೀಟರಿಗೆ, ಹೋಲ್ಡರಿಗೆ, ಒಂದನ್ನೂ ಬಿಡದೆ ಮೂರು ಮೂರು ಗೆರೆ ಎಳೆಯುತ್ತಿದ್ದರು. ಮರುದಿನ ಮುನಿರಾಜು ಕುಂಕುಮವನ್ನೆಲ್ಲ ಒರೆಸಿ ತೆಗೆಯುತ್ತಿದ್ದ. ಕುಂಕುಮ ಕಾಣುತ್ತದೆ. ಬಿಳಿ ಪಿಂಗಾಣಿಯ ಮೇಲೆ ಬಿಳಿ ವಿಭೂತಿ ಯಾರಿಗೆ ಕಾಣಬೇಕು? ಅದು ಬೂದಿ, ಅದರಲ್ಲಿ ಉಪ್ಪಿದೆ, ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಪಂಪಿಗೆ ಆ ತೇವವನ್ನೆಲ್ಲ ಹೀರುವ ಶಕ್ತಿ ಇರಲಿಲ್ಲ. ಉಪ್ಪುನೀರು ಬರೀ ನೀರಿಗಿಂತ ಎಷ್ಟೋ ಕೆಳಗೆ ಹೆಪ್ಪುಗಟ್ಟುತ್ತದೆ, ಅಷ್ಟೇ ಕೆಳಗೆ ಕರಗುತ್ತದೆ. ಕರಗಿದಾಗ ಗೂಟದ ಮೈಮೇಲೆ ವಿದ್ಯುತ್ತು ಸೋರುತ್ತದೆ, ಆ ನೀರು ಆವಿಯಾಗುತ್ತಿದ್ದಂತೆ ಸೋರುವುದು ನಿಲ್ಲುತ್ತದೆ. ಮಳೆಗಾಲದಲ್ಲಿ ಎತ್ತರ, ಬೇಸಿಗೆಯಲ್ಲಿ ಗಿಡ್ಡ. ಗೂಟವನ್ನು ಚೆನ್ನಾಗಿ ತೊಳೆದು ಒಣಗಿಸಿ ಮತ್ತೆ ಅಳೆದೆವು. ದಿಬ್ಬ ಮಾಯ.

ಮುನಿರಾಜು ಬಾಗಿಲು ಹಾಕಿ ಬಂದ. “ನೋಡಿ ವಿಶಾಲಾಕ್ಷಿಯವ್ರೇ, ಇದನ್ನ ಕಂಡೋರು ನಾವಿಬ್ರೇ. ಬಾಯ್ಮುಚ್ಕೊಂಡು ಥೀಸಿಸ್ ಕೊಟ್ಬಿಡಿ. ಮೇಷ್ಟ್ರು ಮರ್ಯಾದೆಯಾಗಿ ರಿಟೈರ್ ಆಗ್ಲಿ. ಮುಂದೆ ಯಾರಾದ್ರೂ ಅಳೆದು ಇಲ್ಲ ಅಂದ್ರೆ ಅನ್ಲಿ ಬಿಡಿ, ಯಾರಪ್ಪನ ಗಂಟು ಹೋಯ್ತು?”

“ನನ್ನ ಹೆಸರಿರುತ್ತಲ್ಲ ಅದರಲ್ಲಿ?”

“ಹೆಸರಿನ ಮುಂದೆ ಡಾಕ್ಟರ್ ಅಂತಾನೂ ಇರುತ್ತೆ. ಈಗ ಹೋಗಿ ಹೇಳಿದ್ರೆ ಅದೂ ಇಲ್ಲ, ಇದೂ ಇಲ್ಲ.”

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ. ಆ ಭಾನುವಾರವೆಲ್ಲ ನಾನು ಮನೆಯಲ್ಲಿ ನಿಲ್ಲಲಾರದೆ ಲಾಲ್‌ಬಾಗಿನ ಪಶ್ಚಿಮ ಗೇಟಿನವರೆಗೆ ನಡೆದೆ, ವಾಪಸು ಬಂದೆ, ಮತ್ತೆ ನಡೆದೆ. “ಇವಳ ಕಾಲಿಗೆ ಚಕ್ರ ಕಟ್ಟಿದ್ದಾರೇನೇ?” ಎಂದು ಅಪ್ಪ ಅಮ್ಮನನ್ನು ಕೇಳಿದರು. ನಾನು ದೊಡ್ಡ ಸತ್ಯಸಂಧೆ ಎಂದುಕೊಳ್ಳಬೇಡಿ. ಒಂದು ಕಡೆ ಮೇಷ್ಟ್ರು, ಮುನಿರಾಜು ಇಬ್ಬರ ಮೇಲೂ ಕೋಪ. ಇನ್ನೊಂದು ಕಡೆ, ಗೊತ್ತಿರುವುದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರಲು ಆಗದ ಹಾಳು ಸ್ವಭಾವ. ಸೋಮವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದೆ.

ಅವರು ಪೂಜೆ ಮುಗಿಸಿ ಜಗುಲಿಯಲ್ಲಿ ಕೂತಿದ್ದರು. ಹಣೆಯ ಮೇಲೆ ಇನ್ನೂ ಹಸಿ ಗೆರೆ.

“ಸಾರ್, ಖಾಲಿ ಹೋಲ್ಡರಲ್ಲೂ ದಿಬ್ಬ ಬರ್ತಿದೆ.”

“ಯಾವ ಹರಳು?”

“ಹರಳೇ ಇಲ್ಲ ಸಾರ್. ಖಾಲಿ. ಪಿಂಗಾಣಿ ತೊಳೆದ್ಮೇಲೆ ದಿಬ್ಬ ಇಲ್ಲ.”

“ತೊಳೆದ್ರೆ ಹೋಗುತ್ತಾ? ಅಂಥದ್ದೇನಿತ್ತು ಅದರ ಮೇಲೆ? ಯಾರು ಮಡಿ ಕೆಡಿಸಿದ್ದು? ಮುನಿರಾಜುನಾ?”

“ಅಲ್ಲ ಸಾರ್.” ಅವರ ಹಣೆಯಿಂದ ಕಣ್ಣು ಕಿತ್ತುಕೊಂಡೆ. “ವಿಭೂತಿ ಸಾರ್. ಆಯುಧಪೂಜೆದು.”

ಅವರು ನನ್ನನ್ನೇ ನೋಡಿದರು. ಕೈ ತಾನಾಗಿಯೇ ಹಣೆಯ ಕಡೆ ಹೋಗಿ, ಮುಟ್ಟದೆ ಹಾಗೇ ಇಳಿಯಿತು.

“ವಿಭೂತಿ ಎಲ್ಲಾದ್ರೂ ಮೈಲಿಗೆ ಆಗುತ್ತೇನಮ್ಮಾ?”

ಅದು ನನ್ನ ಬಾಯಿ ಮುಚ್ಚಿಸಲು ಕೇಳಿದ ಪ್ರಶ್ನೆಯಲ್ಲ. ನಿಜವಾಗಿಯೂ ಕೇಳಿದರು. ನಮ್ಮ ಬೆರಳು, ನಮ್ಮ ಉಸಿರು, ನನ್ನ ತಲೆಯ ಎಣ್ಣೆ, ಎಲ್ಲವನ್ನೂ ಅನುಮಾನಿಸಿದ ಮನುಷ್ಯನಿಗೆ ಅದೊಂದನ್ನು ಅನುಮಾನಿಸಬೇಕೆಂದು ಹೊಳೆದೇ ಇರಲಿಲ್ಲ. ಅವರ ಪಾಲಿಗೆ ಎಲ್ಲವನ್ನೂ ಶುದ್ಧ ಮಾಡುವ ವಸ್ತು ಅದು. ನಾನು ಉಪ್ಪು, ತೇವ ಎಂದು ಏನೇನೋ ಗಡಿಬಿಡಿಯಲ್ಲಿ ಹೇಳತೊಡಗಿದೆ. ಅವರ ಮುಖ ಕೆಂಪಾಯಿತು.

“ಕೂತಲ್ಲಿ ಕೂರೋಕಾಗಲ್ಲ ನಿಂಗೆ. ಅದೇ ನಿನ್ನ ರೋಗ. ಹರಳು ಒಡೆದೆ, ಈಗ ಇದು. ಹೋಗು, ಹೋಗಮ್ಮಾ.”

ಕೊನೆಯ ಅಕ್ಷರ ಎಳೆದರು. ಒಳಗಿನಿಂದ ಕಾಫಿ ಹಿಡಿದು ಬಂದ ಅವರ ಹೆಂಡತಿ ಲೋಟದೊಂದಿಗೆ ಬಾಗಿಲಲ್ಲೇ ನಿಂತರು. “ಕುಡಿದು ಹೋಗೇ” ಎಂದರು. ನಾನು ಅಳು ತಡೆಯಲಾರದೆ ಮೆಟ್ಟಿಲಿಳಿದು ಓಡಿದೆ. ನನ್ನ ಕಥೆ ಮುಗಿಯಿತು, ಇನ್ನು ಯಾವುದಾದರೂ ಹೈಸ್ಕೂಲಿನಲ್ಲಿ ಲಿವರ್, ಪುಲ್ಲಿ ಪಾಠ ಮಾಡುವುದೇ ಗತಿ ಎಂದುಕೊಂಡೆ.

ಕೆಲವು ದಿನ ಮೇಷ್ಟ್ರು ಲ್ಯಾಬಿಗೆ ಬರಲಿಲ್ಲ. ಬಂದ ದಿನ ಯಾರ ಮುಖವನ್ನೂ ನೋಡದೆ, “ದ್ರವ ಗಾಳಿ ಇದೆಯಾ?” ಎಂದು ಕೇಳಿದರು. ಮುನಿರಾಜು ತಂದಿಟ್ಟಿದ್ದ. ಮೊದಲು ತೊಳೆದ ಹೋಲ್ಡರನ್ನು ಅಳೆಸಿದರು. ಗ್ರಾಫು ದಾರದಂತೆ ನೇರ. ಆಮೇಲೆ ಹೋಲ್ಡರನ್ನು ಹೊರಗೆ ತೆಗೆಸಿ, ಕೋಟಿನ ಜೇಬಿನಿಂದ ಮನೆಯ ವಿಭೂತಿ ಗಟ್ಟಿಯನ್ನು ತೆಗೆದು, ಒಂದು ಹನಿ ನೀರಲ್ಲಿ ತೇಯ್ದು, ಆ ಪಿಂಗಾಣಿಯ ಗೂಟಕ್ಕೆ ಮೂರು ಬೆರಳಲ್ಲಿ ಗೆರೆ ಎಳೆದರು. ಪ್ರತಿವರ್ಷ ಹೇಗೆ ಎಳೆಯುತ್ತಿದ್ದರೋ ಹಾಗೆಯೇ. ಆಗ ತುಟಿಯಲ್ಲಿ ಮಂತ್ರವಿರುತ್ತಿತ್ತು, ಈಗ ಇರಲಿಲ್ಲ.

“ಓದು” ಎಂದರು. “ಗಟ್ಟಿಯಾಗಿ ಓದು.”

ಕತ್ತಲೆಯ ಕೋಣೆಯಲ್ಲಿ ನಾನು ಓದಿದೆ. ಚುಕ್ಕೆ ಆ ಜಾಗಕ್ಕೆ ಹತ್ತಿರ ಬರುತ್ತಿದ್ದಂತೆ ನನ್ನ ದನಿ ಸಣ್ಣಗಾಯಿತು. “ಗಟ್ಟಿಯಾಗಿ” ಎಂದರು ಮತ್ತೆ. ಚುಕ್ಕೆ ಏರಿತು, ಏರಿತು, ಇಳಿಯಿತು. ಬರೆಯುತ್ತಿದ್ದ ಮುನಿರಾಜು ಮೂಗು ಸೊರಗುಟ್ಟಿಸಿದ. ಜೀವನದಲ್ಲಿ ಅಷ್ಟು ಕೆಟ್ಟ ಕೆಲಸವನ್ನು ನಾನು ಇನ್ನೊಮ್ಮೆ ಮಾಡಿಲ್ಲ. ಒಬ್ಬ ಮನುಷ್ಯನ ಎದುರಿಗೆ ಅವನ ಶೋಧವನ್ನು ಅಂಕಿ ಅಂಕಿಯಾಗಿ ಕೂಗಿ ಕೊಲ್ಲುವುದು. ಮೇಷ್ಟ್ರು ಪರದೆ ಸರಿಸಿದರು. ಬಿಸಿಲು ಒಳಗೆ ಬಂತು. “ಸಾಕು” ಎಂದು ಹೇಳಿ ನೇರ ಅಂಚೆ ಕಚೇರಿಗೆ ಹೋದರು. ಲೇಖನ ಅಚ್ಚು ಹಾಕಬೇಡಿ ಎಂದು ತಂತಿ ಕೊಟ್ಟು ಬಂದರಂತೆ.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಬರೆದಿಟ್ಟ ಅಧ್ಯಾಯಗಳೆಲ್ಲ ನೀರೊಲೆಗೆ ಹೋದವು. ದಿಬ್ಬದ ಹಂಗಿಲ್ಲದ ಮುನಿರಾಜುವಿನ ಥೀಸಿಸ್ ಅಷ್ಟರಲ್ಲೇ ಮುಗಿದಿತ್ತು. ಮೇಷ್ಟ್ರು ನಿವೃತ್ತರಾದರು. ಹೊಸದಾಗಿ ಬಂದ ಮುಖ್ಯಸ್ಥರಿಗೆ ಹರಳೂ ಒಂದೇ, ಬೆಣಚುಕಲ್ಲೂ ಒಂದೇ. ನಾನು ಬಿಟ್ಟುಬಿಡುತ್ತೇನೆಂದು ಹಟ ಹಿಡಿದೆ. ಮೇಷ್ಟ್ರು ಒಪ್ಪಲಿಲ್ಲ. ನಿವೃತ್ತರಾದ ಮೇಲೂ ನನಗೊಬ್ಬಳಿಗೆ ಮಾರ್ಗದರ್ಶಕರಾಗಿ ಉಳಿಯಲು ಅನುಮತಿ ಬೇಕೆಂದು ವಿಶ್ವವಿದ್ಯಾಲಯದ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದರು. ಯಾರ ಹತ್ತಿರವೂ ಏನನ್ನೂ ಕೇಳದಿದ್ದವರು ಗುಮಾಸ್ತರ ಮೇಜಿನ ಮುಂದೆ ನಿಂತರು. ನಾನು ಮತ್ತೆ ಹೆಪ್ಪು ಹಾಕಿದೆ, ಮತ್ತೆ ಬಸ್ಸು ಹತ್ತಿದೆ, ಮತ್ತೆ ಕತ್ತಲೆಯಲ್ಲಿ ಕೂತೆ. ಪ್ರತಿ ಹರಳಿಗೂ ಮೊದಲು ಖಾಲಿ ಹೋಲ್ಡರ್ ಅಳೆದೆ. ಎಷ್ಟೋ ವರ್ಷಗಳ ಮೇಲೆ ನಾನು ನಿವೃತ್ತಳಾಗುವ ಹೊತ್ತಿಗೆ ಚುಕ್ಕೆ ಹೋಗಿ, ಕಾಗದದ ಮೇಲೆ ಗೆರೆ ಎಳೆಯುವ ಯಂತ್ರ ಬಂದು, ಅದೂ ಹೋಗಿ ಕಂಪ್ಯೂಟರ್ ಬಂದಿತ್ತು. ನನ್ನ ವಿದ್ಯಾರ್ಥಿಗಳು ಗುಂಡಿ ಒತ್ತಿ ಕ್ಯಾಂಟೀನಿಗೆ ಹೋಗುತ್ತಿದ್ದರು. ಹೋಗಲಿ, ಅದರಲ್ಲೇನಿದೆ. ಆದರೆ ಖಾಲಿ ಹೋಲ್ಡರ್ ಅಳೆಯದೆ ನನಗೆ ಗ್ರಾಫು ತಂದು ತೋರಿಸಿದವರ ಗ್ರಾಫನ್ನು ನಾನು ತಿರುಗಿಯೂ ನೋಡುತ್ತಿರಲಿಲ್ಲ. ಮುದುಕಿಗೆ ಹುಚ್ಚು ಎನ್ನುತ್ತಿದ್ದರು, ನನಗೆ ಕೇಳಿಸುತ್ತಿತ್ತು.

ಆಗ ನಾನು ಬರೆದ ಹೊಸ ಥೀಸಿಸ್ಸಿನಲ್ಲಿ ದಿಬ್ಬವಿಲ್ಲ. ಆ ಹರಳು ಆ ಬಿಂದುವಿನಲ್ಲಿ ಏನೂ ಮಾಡದೆ ತೆಪ್ಪಗಿರುತ್ತದೆ ಎಂಬುದೇ ಅದರ ಸಾರ. ಮೊದಲಿನ ತಪ್ಪು ಹೇಗಾಯಿತು ಎಂದು ಹೇಳಲೇಬೇಕಲ್ಲ, ಅಲ್ಲಿ ‘ಮೂಲ ತಿಳಿಯದ ಕಲ್ಮಶದಿಂದ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಕರಡು ಓದಿದ ಮೇಷ್ಟ್ರು ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ನಾನು ಕಂಡೂ ಕಾಣದವಳಂತೆ ಟೈಪಿಸ್ಟಿಗೆ ಹಾಗೇ ಕೊಟ್ಟೆ. ಅಷ್ಟು ವರ್ಷದ ಮೇಷ್ಟ್ರು, ಪೂಜೆಯ ಬೂದಿಯನ್ನು ಅಳೆದು ಶೋಧ ಎಂದರು ಎಂದು ಊರೆಲ್ಲ ನಗುವುದನ್ನು ಕೇಳಲು ನಾನು ತಯಾರಿರಲಿಲ್ಲ. ಇಂದಿಗೂ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಮೌಖಿಕ ಪರೀಕ್ಷೆಗೆ ಮೈಸೂರಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದರು. ಮೇಜಿನ ಆ ಕಡೆ ಅವರು, ಪಕ್ಕದಲ್ಲಿ ಮೇಷ್ಟ್ರು, ಈ ಕಡೆ ನಾನು. ಕಾಲು ಅಲುಗಾಡದಿರಲೆಂದು ಕುರ್ಚಿಯ ಕಾಲಿಗೆ ಪಾದವನ್ನು ಸುತ್ತಿ ಕೂತಿದ್ದೆ. ಇಂಗ್ಲಿಷಿನಲ್ಲಿ ಶುರುವಾದ ಪರೀಕ್ಷೆ ಕಾಫಿ ಬಂದ ಮೇಲೆ ಕನ್ನಡಕ್ಕೆ ಇಳಿಯಿತು. ಎಲ್ಲ ಚೆನ್ನಾಗೇ ಹೋಗುತ್ತಿತ್ತು. ಪರೀಕ್ಷಕರು ಆ ಪುಟಕ್ಕೆ ಬಂದು ನಿಂತರು.

“ಮೂಲ ತಿಳಿಯದ ಕಲ್ಮಶ ಅಂದ್ರೆ ಏನಮ್ಮ? ಏನಾಗಿರಬಹುದು?”

“ಧೂಳಿರ್ಬೇಕು ಸಾರ್” ಎಂದೆ. “ನಮ್ಮ ಕಡೆ ಮನೆ ಕಟ್ತಾನೇ ಇರ್ತಾರೆ. ಬಂಡೆ ಬೇರೆ ಸಿಡಿಸ್ತಾರೆ. ಎಲ್ಲಾ ಕಡೆ ಧೂಳು.”

“ಹೌದು ಹೌದು, ಬೆಂಗಳೂರು ಧೂಳೇ” ಎಂದು ಅವರು ತಲೆಯಾಡಿಸಿ ಪುಟ ತಿರುವಲು ಬೆರಳು ಒದ್ದೆ ಮಾಡಿಕೊಂಡರು. ಆ ಪುಟ ತಿರುವಿದರೆ ನಾನು ಪಾರು.

“ಧೂಳಲ್ಲ” ಎಂದರು ಮೇಷ್ಟ್ರು.

ಬೇಡ ಸಾರ್ ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ತಿದ್ದಿ ತನ್ನಿ ಎಂದು ಈ ಮನುಷ್ಯ ಥೀಸಿಸ್ಸನ್ನೇ ವಾಪಸು ಕಳಿಸಿದರೆ? ಇನ್ನೊಂದು ಸಲ ಇದನ್ನೆಲ್ಲ ಮಾಡುವ ತ್ರಾಣ ನನಗಿರಲಿಲ್ಲ.

“ಧೂಳಲ್ಲ ಸಾರ್. ವಿಭೂತಿ. ಆಯುಧಪೂಜೆ ದಿನ ನಾನೇ ನನ್ನ ಕೈಯಾರೆ ಹಚ್ಚಿದ್ದು. ಇವಳಿಗೆ ಮೂಲ ಚೆನ್ನಾಗೇ ಗೊತ್ತು. ನನ್ನ ಮುಖ ನೋಡ್ಕೊಂಡು ಬರೆದಿಲ್ಲ.”

ಪರೀಕ್ಷಕರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅವರು ಮೆಲ್ಲಗೆ, “ಕೆಲಸ ಒಳ್ಳೇದಿದೆ, ನಾನು ಪಾಸ್ ಮಾಡೋನೇ. ಆದ್ರೆ ಇದನ್ನ ಬರೀಲೇಬೇಕಾ ಸದಾಶಿವಯ್ಯನವರೇ? ಲೈಬ್ರರಿಯಲ್ಲಿ ಉಳಿಯೋದು ಇದೇ ಪ್ರತಿ” ಎಂದರು.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ನನ್ನ ಕಡೆ ಚಾಚಿದರು.

“ಇವಳು ಇನ್ನೂ ಬಹಳ ವರ್ಷ ಈ ಕೆಲಸ ಮಾಡ್ಬೇಕು ಸಾರ್. ಮೊದಲನೇದ್ರಲ್ಲೇ ಸುಳ್ಳು ಬೇಡ. ಅದೂ ನನಗೋಸ್ಕರ.”

ನಾನು ಪೆನ್ನು ತೆಗೆದುಕೊಂಡೆ. ಕಣ್ಣು ತುಂಬಿ ಸಾಲೇ ಕಾಣಿಸುತ್ತಿರಲಿಲ್ಲ. ಟೈಪು ಮಾಡಿದ್ದನ್ನು ಹೇಗೋ ಹೊಡೆದುಹಾಕಿದೆ. ಮೇಷ್ಟ್ರು ಎದ್ದು ಬಂದು ನನ್ನ ಹೆಗಲ ಹಿಂದೆ ನಿಂತು, ಒಂದನೇ ಕ್ಲಾಸಿನ ಮಗುವಿಗೆ ಹೇಳಿಕೊಡುವಂತೆ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳತೊಡಗಿದರು.

“ವಿ ಬರಿ. ಐ. ಬಿ. ಬಿ ಆದ್ಮೇಲೆ ಎಚ್ ಇದೆ ನೋಡ್ಕೋ. ಅವಸರ ಮಾಡ್ಬೇಡಮ್ಮ.”